ಹೊಟ್ಟೆಕಿಚ್ಚಿನವಳ ಪ್ರಾರ್ಥನೆ

ಬಾಗಿಲು ತಳ್ಳಿದವಳು ಅಲ್ಲೇ ನಿಂತುಬಿಟ್ಟಳು.

ಅವಳ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು ಕುಳಿತಿದ್ದಳು!

ಮಕ್ಕಳ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಅದು. ದಿಂಬಿಗೆ ಒರಗಿ ಅವಳ ಏಳು ವರ್ಷದ ಮಗಳು ಗುಬ್ಬಿ. ಮಗಳ ಎಡಗೈ ಆ ಹೆಂಗಸಿನ ಕೈಯಲ್ಲಿ, ಬಲಗೈ ಗಂಡನ ಕೈಯಲ್ಲಿ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ... ಆದರೆ ಹಾಸಿಗೆಯ ಮೇಲಿಂದ ಚಾಚಿಕೊಂಡ ಆ ಹೆಂಗಸಿನ ಇನ್ನೊಂದು ಕೈ, ಗಂಡನ ಇನ್ನೊಂದು ಕೈಯನ್ನು ಹಿಡಿದಿತ್ತು!

ಮೂವರೂ ಕಣ್ಣು ಮುಚ್ಚಿದ್ದರು. ಗಂಡ ಮಾತಾಡುತ್ತಿದ್ದ.

"ತಂದೆಯೇ, ನಂಗೆ ತುಂಬಾ ಭಯ ಆಗ್ತಿದೆ. ಕೆಲಸದಲ್ಲಿ ಕೈ ನಡುಗುತ್ತೆ. ಮಗು ಮುಂದೆ ನಗ್ತೀನಿ, ಮೆಟ್ಟಿಲ ಹತ್ತಿರ ಹೋಗಿ ಅಳ್ತೀನಿ. ನಂಗೆ ಧೈರ್ಯ ಕೊಡು..."

ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

'ಒಂಬತ್ತು ವರ್ಷ! ಒಂಬತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ. ಹೂಂ, ಉಹೂಂ, ಊಟ ಆಯ್ತು... ಈ ಮೂರು ಬಿಟ್ಟು ನಾಲ್ಕನೆಯ ಮಾತು ಕೇಳಿದ ನೆನಪಿಲ್ಲ. ಭಯ ಆಗುತ್ತೆ ಅಂತ ನನಗೆ ಒಂದು ದಿನ ಹೇಳಿದ್ದನಾ? ಈಗ ಯಾರೋ ಒಬ್ಬಳ ಕೈ ಹಿಡಿದುಕೊಂಡು ಎದೆಯನ್ನೆಲ್ಲ ಬಿಚ್ಚಿ ಹರವುತ್ತಿದ್ದಾನೆ!'

"ಆಮೆನ್," ಅಂದಳು ಗುಬ್ಬಿ ದೊಡ್ಡ ದನಿಯಲ್ಲಿ. ಕಣ್ಣು ಬಿಟ್ಟವಳೇ, "ಅಮ್ಮ ಬಂದ್ಳು! ಇವತ್ತು ಬೇಗ ಬಂದ್ಬಿಟ್ಳು!"

ಗಂಡ ಕೈ ಬಿಡಿಸಿಕೊಂಡ. ಕಿವಿ ಕೆಂಪಾಗಿತ್ತು. ಆ ಹೆಂಗಸು ಮಾತ್ರ ಗಾಬರಿಯಾಗದೆ ಎದ್ದು ನಿಂತಳು. ಮೂವತ್ತರ ಆಸುಪಾಸು. ತಿಳಿ ನೀಲಿ ಅಂಗಿ, ಬೆರಳಿಗೆಲ್ಲ ಸೀಮೆಸುಣ್ಣದ ಪುಡಿ.

"ನಮಸ್ಕಾರ ಅಕ್ಕಾ. ನಾನು ಇಲ್ಲಿ ಮಕ್ಕಳಿಗೆ ಪಾಠ ಹೇಳೋ ಟೀಚರ್. ಶಾಲೆಗೆ ಹೋಗೋಕಾಗದ ಮಕ್ಕಳಿಗೆ..."

"ಪಾಠ ಕೈ ಹಿಡ್ಕೊಂಡು ಹೇಳ್ತೀರಾ?"

"ಪ್ರಾರ್ಥನೆ ಮಾಡ್ತಿದ್ವಿ," ಎಂದ ಗಂಡ.

"ನಾನು ನಿಮ್ಮನ್ನ ಕೇಳ್ಲಿಲ್ಲ." ಅವಳು ಕುರ್ಚಿಯ ಬೆನ್ನಿಗೆ ಕೈ ಹಾಕಿ ತನ್ನ ಕಡೆ ಎಳೆದುಕೊಂಡಳು. "ಇದು ನನ್ನ ಜಾಗ."

* * *

ಅವಳದು ಪುಸ್ತಕ ಕಟ್ಟುವ ಕೆಲಸ. ಹರಿದ ಪುಸ್ತಕ, ಕಚೇರಿಯ ದಪ್ಪ ರಿಜಿಸ್ಟರು, ಬೆನ್ನು ಮುರಿದ ನಿಘಂಟು... ಯಾವುದು ಬಂದರೂ ಬಿಚ್ಚಿ, ಹೊಲಿದು, ರಟ್ಟು ಹಾಕಿ ಹೊಸದಾಗಿ ಮಾಡಿ ಕಳಿಸುತ್ತಿದ್ದಳು. ದಬ್ಬಣ ಹಿಡಿದರೆ ಅವಳಷ್ಟು ನೇರವಾಗಿ ಹೊಲಿಯುವವರು ಆ ಅಂಗಡಿಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಮನೆ ವಿಷಯಕ್ಕೆ ಬಂದರೆ ಆ ಕೈ ಬರೀ ಬಿಚ್ಚುವುದನ್ನೇ ಕಲಿತಿತ್ತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದಲ್ಲಿ ಯಾವಾಗ ಲಿಫ್ಟ್ ನಿಂತರೂ ಫೋನು ಬರುತ್ತಿತ್ತು. ಅದರಲ್ಲಿ ಹೆಣ್ಣು ದನಿ ಕೇಳಿದರೆ ಸಾಕು, ಅವಳ ಹೊಟ್ಟೆಯೊಳಗೆ ಕೆಂಡ ಬೀಳುತ್ತಿತ್ತು. ಯಾರದು? ಎಷ್ಟು ಹೊತ್ತು ಮಾತು? ಯಾಕೆ ನಕ್ಕಿರಿ? ಅವನು ಉತ್ತರ ಕೊಡುತ್ತಿರಲಿಲ್ಲ. ಕೊಡದಿದ್ದಷ್ಟೂ ಅವಳ ಅನುಮಾನ ಬೆಳೆಯುತ್ತಿತ್ತು. ಒಂದೂವರೆ ವರ್ಷದ ಹಿಂದೆ ಹಾಗೇ ಜಗಳ ಬೆಳೆದು ಅವನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ಟಿದ್ದಳು. ಬೇಡ ಅನ್ನುತ್ತಾನೆ, ಕೂಗಾಡುತ್ತಾನೆ, ಕೊನೆಗೆ ಒಂದು ಮಾತಾದರೂ ಆಡುತ್ತಾನೆ ಅಂದುಕೊಂಡಿದ್ದಳು. ಅವನು ಚೀಲ ಎತ್ತಿಕೊಂಡು ತಾಯಿಯ ಮನೆಗೆ ಹೊರಟುಹೋದ.

ಅಲ್ಲಿಂದಾಚೆ ಗುಬ್ಬಿ ವಾರವೆಲ್ಲ ಅಮ್ಮನ ಹತ್ತಿರ, ಭಾನುವಾರ ಅಪ್ಪನ ಹತ್ತಿರ. ಅಂಥದೊಂದು ಭಾನುವಾರವೇ ಮಗುವಿಗೆ ಮೂಗಿನಿಂದ ರಕ್ತ ಸುರಿಯಲು ಶುರುವಾಗಿ ನಿಲ್ಲಲೇ ಇಲ್ಲ. ರಕ್ತದ ಕ್ಯಾನ್ಸರ್ ಅಂದರು ಡಾಕ್ಟರು.

ಆಮೇಲೆ ಗಂಡ ಹೆಂಡತಿ ಇಬ್ಬರೂ ಪಾಳಿಯ ಕೆಲಸಗಾರರಂತಾದರು. ಬೆಳಗ್ಗೆ ಅವನು, ಮಧ್ಯಾಹ್ನದಿಂದ ಅವಳು. ಬಾಗಿಲಲ್ಲಿ ಎದುರಾದರೆ, "ಜ್ವರ ಇಲ್ಲ," "ಮಾತ್ರೆ ಆಯ್ತು," ಅಷ್ಟೇ ಮಾತು.

ಆ ಬೆಳಗಿನ ಹೊತ್ತಿನಲ್ಲೇ ಇಷ್ಟೆಲ್ಲ ನಡೆಯುತ್ತಿದೆ ಅಂತ ಅವಳಿಗೇನು ಗೊತ್ತಿತ್ತು!

ಅಂದು ಸಂಜೆ ಆಸ್ಪತ್ರೆಗೆ ಬಂದ ಅತ್ತೆಯನ್ನು ಅವಳು ತಡೆದು ನಿಲ್ಲಿಸಿದಳು.

"ನಿಮ್ಮ ಮಗ ಈಗ ಕಣ್ಣು ಮುಚ್ಚಿ ಮಾತಾಡೋದು ಕಲ್ತಿದಾರೆ, ಗೊತ್ತಾ?"

"ಗೊತ್ತು ಕಣಮ್ಮ. ಭಾನುವಾರ ಚರ್ಚಿಗೂ ಹೋಗ್ತಾನೆ. ಹೋಗಿ ಬಂದ ದಿನ ನನ್ನ ಹತ್ರಾನೂ ಎರಡು ಮಾತಾಡ್ತಾನೆ. ಯಾರು ಮಾತು ಕಲಿಸಿದ್ರೋ, ಅವರ ಹೊಟ್ಟೆ ತಣ್ಣಗಿರಲಿ."

"ಒಬ್ಳು ಟೀಚರ್ ಕಲಿಸಿದಾಳೆ ಅತ್ತೆ. ನೋಡೋಕೆ ಚೆನ್ನಾಗೂ ಇದಾಳೆ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಸೊಸೆಯನ್ನು ದಿಟ್ಟಿಸಿದಳು. "ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವನು ಒಂದು ವೇಳೆ ಆಗ ಬಾಯಿ ಬಿಟ್ಟಿದ್ರೆ, ನಿನ್ನ ಮಾತಿನ ಮಧ್ಯೆ ಅವನಿಗೆ ಜಾಗ ಎಲ್ಲಿತ್ತು?"

ಅವಳಿಗೆ ಕೋಪ ಬಂತು. ಮುಖ ತಿರುಗಿಸಿ ವಾರ್ಡಿನೊಳಗೆ ನಡೆದಳು.

* * *

ಮರುದಿನದಿಂದ ಅವಳು ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬೆಳಗ್ಗೆಯೇ ಬರತೊಡಗಿದಳು. ಮಗಳಿಗಾಗಿ ಅಂತ ಎಲ್ಲರಿಗೂ ಹೇಳಿದಳು. ತನಗೂ ಹಾಗೇ ಹೇಳಿಕೊಂಡಳು.

ಅವಳು ಬಂದ ಮೇಲೆ ಟೀಚರ್ ಗಂಡನ ಕೈ ಹಿಡಿಯಲಿಲ್ಲ. ಗುಬ್ಬಿಗೆ ಲೆಕ್ಕ ಹೇಳಿಕೊಟ್ಟಳು, ಕಥೆ ಓದಿದಳು, ಕೂದಲೆಲ್ಲ ಉದುರಿದ ಮೇಲೆ ಬಣ್ಣದ ಬಟ್ಟೆಯಲ್ಲಿ ಟೋಪಿ ಕಟ್ಟಿಕೊಟ್ಟಳು. ಎಲ್ಲದರಲ್ಲೂ ತಪ್ಪು ಹುಡುಕಲು ಗುಬ್ಬಿಯ ಅಮ್ಮ ಕಾಯುತ್ತಲೇ ಇದ್ದಳು. ಒಂದೂ ಸಿಗಲಿಲ್ಲ. ಅದೇ ಇನ್ನಷ್ಟು ಉರಿಸಿತು.

ಒಂದು ದಿನ ಮಗುವಿನ ಬೆನ್ನುಮೂಳೆಯ ಸಂದಿಗೆ ಸೂಜಿ ಚುಚ್ಚಬೇಕಿತ್ತು. ಹಿಂದಿನ ಸಲ ಗುಬ್ಬಿ ಅತ್ತು ರಂಪ ಮಾಡಿದ್ದಳು. ಈ ಸಲ ಅಮ್ಮ ಮಂಡಿಯೂರಿ ಹಾಸಿಗೆಯ ಪಕ್ಕ ಕುಳಿತಳು.

"ಕೈ ಕೊಡು ಪುಟ್ಟಾ. ಅಮ್ಮ ಗಟ್ಟಿಯಾಗಿ ಹಿಡ್ಕೋತೀನಿ."

"ಬೇಡಮ್ಮ."

"ಯಾಕೆ?"

"ನಿನ್ನ ಕೈ ನಡುಗುತ್ತೆ. ನಂಗೆ ಇನ್ನೂ ಹೆದರಿಕೆ ಆಗುತ್ತೆ," ಎಂದಳು ಗುಬ್ಬಿ ಸಮಾಧಾನವಾಗಿ. "ಯೇಸಪ್ಪ ಹಿಡ್ಕೊಂಡಿದಾನೆ. ಅವನ ಕೈ ನಡುಗಲ್ಲ."

ಮಗು ಖಾಲಿ ಮುಷ್ಟಿಯನ್ನು ಬಿಗಿದು, ಗೋಡೆಯ ಕಡೆ ತಿರುಗಿ ಮಲಗಿತು. ಸೂಜಿ ಒಳಹೋದಾಗ ತುಟಿ ಕಚ್ಚಿತೇ ಹೊರತು ಅಮ್ಮಾ ಅನ್ನಲಿಲ್ಲ.

ಒಂದೇ ಒಂದು ಸಲವೂ ಅಮ್ಮಾ ಅನ್ನಲಿಲ್ಲ!

ಅವಳು ಎದ್ದು ಹೊರಗೆ ಬಂದಳು. ಯಾರೂ ಬಳಸದ ಹಿಂದಿನ ಮೆಟ್ಟಿಲ ಬಾಗಿಲು ತೆಗೆದು, ಮೂರನೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಗಂಡನ ಮೇಲೆ ಬಂದ ಹೊಟ್ಟೆಕಿಚ್ಚು ಗೊತ್ತಿತ್ತು. ಟೀಚರ್ ಮೇಲಿನದೂ ಗೊತ್ತಿತ್ತು. ಆದರೆ ಇದು? ಕಾಣದವನ ಮೇಲೆ?

"ಯಾರಯ್ಯಾ ನೀನು?" ಎಂದಳು ಜೋರಾಗಿ. ದನಿ ಮೆಟ್ಟಿಲುದ್ದಕ್ಕೂ ಗುಂಯ್ಗುಟ್ಟಿತು. "ಒಂಬತ್ತು ತಿಂಗಳು ಹೊತ್ತಿದ್ದು ನಾನು! ಹಾಲು ಕುಡಿಸಿದ್ದು ನಾನು! ನೀನು ಯಾವಾಗ ಬಂದೆ? ಗಂಡನ್ನ ತಗೊಂಡೆ, ಸುಮ್ಮನಿದ್ದೆ. ಈಗ ಮಗಳ ಕೈನೂ ಹಿಡ್ಕೊಂಡ್ಯಾ? ನಂಗೇನು ಉಳಿಸ್ತೀಯಾ? ಹೇಳು! ನಂಗೆ ಯಾರಿದಾರೆ?"

ಉತ್ತರವೇನೂ ಬರಲಿಲ್ಲ. ಕೆಳಗೆಲ್ಲೋ ನಲ್ಲಿಯ ನೀರು ಸುರಿಯುತ್ತಿತ್ತು. ಆದರೂ ವಿಚಿತ್ರ... ಬಹಳ ದಿನದ ಮೇಲೆ ಯಾರೋ ಮಧ್ಯೆ ಬಾಯಿ ಹಾಕದೆ, ಎದ್ದುಹೋಗದೆ ತನ್ನ ಮಾತನ್ನು ಕೊನೆಯವರೆಗೂ ಕೇಳಿದರು ಅನ್ನಿಸಿತು ಅವಳಿಗೆ.

'ಹುಚ್ಚು ಹಿಡೀತು ನಂಗೆ,' ಅಂದುಕೊಂಡು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮರುದಿನವೂ ಅದೇ ಮೆಟ್ಟಿಲಿಗೆ ಹೋದಳು. ಅದರ ಮರುದಿನವೂ. ಬೈಯಲಿಕ್ಕೇ ಹೋಗುತ್ತಿದ್ದಳು. ಆದರೆ ಹೋಗದೆ ಇರಲು ಆಗುತ್ತಿರಲಿಲ್ಲ.

* * *

ಮೂರು ತಿಂಗಳು ಕಳೆಯುವಷ್ಟರಲ್ಲಿ ದೊಡ್ಡ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು.

"ಔಷಧಿಗೆ ಬಗ್ಗಬೇಕಾದಷ್ಟು ಕಾಯಿಲೆ ಬಗ್ಗಿಲ್ಲ. ಮೂಳೆಯ ಮಜ್ಜೆ ಬದಲಾಯಿಸಲೇಬೇಕು. ನಿಮ್ಮಿಬ್ಬರದ್ದೂ ಅರ್ಧರ್ಧ ಹೊಂದುತ್ತೆ. ತಾಯಿಗೆ ರಕ್ತ ಕಡಿಮೆ ಇದೆ, ಜೊತೆಗೆ ಒಂದು ಪರೀಕ್ಷೆಯಲ್ಲೂ ಸ್ವಲ್ಪ ತೊಂದರೆ ಕಾಣ್ತಿದೆ. ತಂದೆಯದ್ದನ್ನೇ ತಗೊಳ್ಳೋಣ."

'ಇದರಲ್ಲೂ ಅವನೇ!' ಅಂತು ಅವಳ ಹಾಳು ಮನಸ್ಸು. ಮರುಕ್ಷಣ ನಾಚಿಕೆಯಿಂದ ಹಿಡಿಯಾದಳು. ಮಗಳು ಬದುಕುವ ದಾರಿ ಹೇಳುತ್ತಿದ್ದಾರೆ, ತಾನು ಇಲ್ಲೂ ಪಾಲು ಕೇಳುತ್ತಿದ್ದೇನಲ್ಲ...

ಹೊರಗೆ ಬಂದಾಗ ಗಂಡ ಬಾಯಿ ತೆರೆದ. "ನಿನ್ನದೇ ಆಗಿದ್ರೆ ಚೆನ್ನಾಗಿರ್ತಿತ್ತು. ನಿನ್ನ ಹಟ ಅವಳ ರಕ್ತಕ್ಕೆ ಬಂದಿದ್ರೆ ಕಾಯಿಲೆ ಓಡಿಹೋಗ್ತಿತ್ತು."

ತಮಾಷೆ ಮಾಡಿದನಾ ಅವನು? ಅವಳು ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಲಿಫ್ಟಿನೊಳಗೆ ಹೋಗಿಯಾಗಿತ್ತು.

ಆ ವಾರವೇ ಗುಬ್ಬಿ ಒಂದು ಕೆಲಸ ಹಚ್ಚಿದಳು. "ಅಮ್ಮಾ, ಟೀಚರಕ್ಕನ ಪ್ರಾರ್ಥನೆ ಪುಸ್ತಕ ಹರಿದುಹೋಗಿದೆ. ನಮ್ಮಮ್ಮ ಹೊಲಿದುಕೊಡ್ತಾಳೆ ಅಂತ ಹೇಳ್ಬಿಟ್ಟೆ!"

ಬೇಡ ಅನ್ನಲಾಗಲಿಲ್ಲ. ದಪ್ಪನೆಯ ನೋಟುಪುಸ್ತಕ ಅದು. ವಾರ್ಡಿನ ಮಕ್ಕಳೆಲ್ಲ ಬರೆದಿದ್ದರು. 'ನನ್ನ ತಂಗಿ ನನ್ನ ಸೈಕಲ್ ಮುಟ್ಟದ ಹಾಗೆ ನೋಡಿಕೋ.' 'ವಾಂತಿ ಬೇಡ.' 'ಪಕ್ಕದ ಹಾಸಿಗೆಯವನು ಸ್ವರ್ಗಕ್ಕೆ ಬಂದಿದ್ದಾನೆ, ಅವನಿಗೆ ಕತ್ತಲೆ ಅಂದರೆ ಭಯ.' ಅಂಗಡಿಯ ಮೇಜಿನ ಮುಂದೆ ಕುಳಿತು ಹಳೆಯ ದಾರ ಕತ್ತರಿಸುತ್ತ ಅದನ್ನು ಓದಿದಾಗ ಅವಳ ಕಣ್ಣು ಮಂಜಾಯಿತು.

ಕೊನೆಯ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಆಕಸ್ಮಿಕವಾಗಿ ಅಂಟಿದ್ದಲ್ಲ. ನಾಲ್ಕು ಅಂಚಿಗೂ ಸಮನಾಗಿ ಅಂಟು ಸವರಿ ಯಾರೋ ಬೇಕೆಂದೇ ಮುಚ್ಚಿದ್ದರು. ಹದಿನಾಲ್ಕು ವರ್ಷ ಕೆಲಸ ಮಾಡಿದ ಕೈಗೆ ಅದು ತಕ್ಷಣ ಗೊತ್ತಾಯಿತು. ಹಾಗೇ ಬಿಟ್ಟು ಹೊಲಿಯಬಹುದಿತ್ತು. ಬಿಡಬೇಕಿತ್ತು.

ಅವಳು ಒದ್ದೆ ಬಟ್ಟೆ ಇಟ್ಟು, ಅಂಟು ನೆನೆದ ಮೇಲೆ ತೆಳ್ಳನೆಯ ಚಾಕು ತೂರಿಸಿ ಹಾಳೆಗಳನ್ನು ಬಿಡಿಸಿದಳು.

ಟೀಚರ್ ಬರಹ. ಎರಡೇ ಸಾಲು.

'ಪ್ರಭುವೇ, ಲಿಫ್ಟಿನವರು ಬರುವ ಹೊತ್ತಿಗೆ ನನ್ನ ಕಣ್ಣು ಬಾಗಿಲ ಕಡೆ ಹೋಗದಂತೆ ಕಾಪಾಡು. ಅವರು ಇನ್ನೊಬ್ಬಳ ಗಂಡ.'

ಕೈಯಲ್ಲಿದ್ದ ಚಾಕು ಮೇಜಿನ ಮೇಲೆ ಬಿತ್ತು.

* * *

ಆಸ್ಪತ್ರೆಯ ಪಾಠದ ಕೋಣೆ ಚಿಕ್ಕದು. ಮೊಣಕಾಲೆತ್ತರದ ಮೇಜುಗಳು, ಪುಟ್ಟ ಪುಟ್ಟ ಕುರ್ಚಿಗಳು, ಗೋಡೆಯ ತುಂಬ ಮಕ್ಕಳು ಬರೆದ ಚಿತ್ರಗಳು. ಊಟದ ಹೊತ್ತಾದ್ದರಿಂದ ಟೀಚರ್ ಒಬ್ಬಳೇ ಇದ್ದಳು.

ಗುಬ್ಬಿಯ ಅಮ್ಮ ಪುಸ್ತಕವನ್ನು ಆ ಹಾಳೆಗೆ ತೆರೆದು ಅವಳ ಮುಂದೆ ಎಸೆದಳು.

"ಓದಿ. ಜೋರಾಗಿ ಓದಿ. ಇದೂ ಪ್ರಾರ್ಥನೇನೇ ತಾನೇ?"

ಟೀಚರ್ ಮುಖ ಬಿಳಿಚಿಕೊಂಡಿತು. 'ಈಗ ಸುಳ್ಳು ಹೇಳ್ತಾಳೆ,' ಅಂದುಕೊಂಡಳು ಇವಳು. 'ಅಳ್ತಾಳೆ. ಇಲ್ಲಾ, ನನ್ನ ಮೇಲೇ ಎಗರ್ತಾಳೆ.' ಮೂರಕ್ಕೂ ಇವಳ ಹತ್ತಿರ ಉತ್ತರ ತಯಾರಾಗಿತ್ತು.

"ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ ಅಕ್ಕಾ," ಎಂದಳು ಟೀಚರ್.

ಇದಕ್ಕೆ ಮಾತ್ರ ಉತ್ತರ ತಯಾರಿರಲಿಲ್ಲ.

"ಅವರು ಏನೂ ತಪ್ಪು ಮಾಡಿಲ್ಲ. ಅವರಿಗೆ ಇದು ಗೊತ್ತೂ ಇಲ್ಲ. ಮೊದಲು ನಿಜವಾಗಲೂ ಮಗುವಿಗೋಸ್ಕರಾನೇ ಬರ್ತಿದ್ದೆ. ಆಮೇಲೆ... ಒಂದು ದಿನ ಅವರು ಬರೋದು ತಡ ಆಯ್ತು. ನಾನು ಗುಬ್ಬಿಗೆ ಕಥೆಯ ಒಂದೇ ಪುಟಾನ ನಾಲ್ಕು ಸಲ ಓದಿದ್ದೆ. ಆಗ ನಂಗೇ ಗೊತ್ತಾಯ್ತು. ಅವತ್ತು ಬರೆದಿದ್ದು ಅದು. ಬರೆದು ಅಂಟಿಸಿಬಿಟ್ಟೆ. ಅಂಟಿಸಿದರೆ ಮುಗಿಯುತ್ತೆ ಅಂದ್ಕೊಂಡೆ."

"ಮತ್ತೆ ಕೈ ಹಿಡ್ಕೊಂಡು ಪ್ರಾರ್ಥನೆ?"

"ಅದೇ ನನ್ನ ತಪ್ಪು. ದೇವರ ಹೆಸರಲ್ಲಿ ಹಿಡಿದ ಕೈ ಅಂತ ನಂಗೆ ನಾನೇ ಹೇಳ್ಕೊಂಡೆ. ನೀವು ಬಂದು ಕುರ್ಚಿ ಎಳೆದುಕೊಂಡ್ರಲ್ಲ, ಅವತ್ತು ನಂಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾರೋ ಹಿಡಿದು ನಿಲ್ಲಿಸಿದ ಹಾಗಾಯ್ತು." ಟೀಚರ್ ತಲೆ ತಗ್ಗಿಸಿದಳು. "ಇನ್ನೊಂದು ಹೇಳ್ಲಾ? ಅವರು ಪ್ರಾರ್ಥನೆ ಮಾಡುವಾಗ ಮೊದಲು ಗುಬ್ಬಿ ಹೆಸರು, ಆಮೇಲೆ ನಿಮ್ಮ ಹೆಸರು. ದಿನಾ. ನೀವು ಊಟ ಮಾಡಿದ್ರೋ ಇಲ್ವೋ, ನಿಮ್ಮ ಬೆರಳಿಗೆ ದಬ್ಬಣ ಚುಚ್ಚದೇ ಇರಲಿ, ನೀವು ಒಂದು ಸಲ ನಗಲಿ... ಮೂರನೇ ಹೆಸರು ಯಾವತ್ತೂ ಬರಲಿಲ್ಲ. ನಾನು ಕಣ್ಣು ಮುಚ್ಚಿ ಕಾದೆ ಅಕ್ಕಾ. ನಿಮ್ಮ ಮೇಲೆ ಹೊಟ್ಟೆ ಉರಿದುಹೋಯ್ತು ನಂಗೆ."

ಗುಬ್ಬಿಯ ಅಮ್ಮ ಹಿಂದಿದ್ದ ಪುಟ್ಟ ಕುರ್ಚಿಯ ಮೇಲೆ ಕುಳಿತಳು.

"ನನ್ನ ಮೇಲಾ?"

"ಹೂಂ."

"ನನ್ನ ಮೇಲೆ ಹೊಟ್ಟೆಕಿಚ್ಚು ಪಡೋಕೆ ಏನಿದೆ? ನೋಡಿ ನನ್ನ ಸ್ಥಿತಿ! ಸೀರೆಗೆಲ್ಲ ಅಂಟು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ಚಿಕ್ಕ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ಮುಟ್ಟುವಂತೆ ಕುಳಿತ ಇಬ್ಬರು ಹೆಂಗಸರು. ಯಾರಿಗೆ ಮೊದಲು ನಗು ಬಂತೋ... ನಗು ಬಂದದ್ದು ಹಾಗೇ ಅಳುವಾಯಿತು.

"ನಾನು ಮಾಡಿದ್ದೂ ಸರಿಯಲ್ಲ," ಎಂದಳು ಇವಳು ಮೂಗೊರೆಸಿಕೊಂಡು. "ಮುಚ್ಚಿಟ್ಟಿದ್ದನ್ನ ನೀರು ಹಾಕಿ ಬಿಡಿಸಿದೆ. ನನ್ನ ಬಾಳೆಲ್ಲ ಅದೇ ಆಗೋಯ್ತು. ಅವರ ಜೇಬು, ಅವರ ಫೋನು... ಹುಡುಕಿದ್ದೇ ಹುಡುಕಿದ್ದು. ಏನೂ ಸಿಗ್ಲಿಲ್ಲ ಅಂದ್ರೂ ನೆಮ್ಮದಿ ಇರಲಿಲ್ಲ."

"ನನ್ನನ್ನ ಕ್ಷಮಿಸ್ತೀರಾ ಅಕ್ಕಾ?"

ಇವಳು ಎದುರಿದ್ದ ಪುಸ್ತಕ ಮುಚ್ಚಿದಳು. ದೇವರನ್ನು ನಂಬುವವರೆಂದರೆ ಕಲೆಯೇ ಇಲ್ಲದವರು, ತನ್ನಂಥವಳಿಗೆ ಅಲ್ಲಿ ಜಾಗವಿಲ್ಲ ಅಂತ ಈವರೆಗೆ ಅಂದುಕೊಂಡಿದ್ದಳು. ಈ ಹೆಂಗಸು ತನ್ನಷ್ಟೇ ಉರಿದಿದ್ದಾಳೆ. ಆದರೆ ಉರಿಯನ್ನು ಇನ್ನೊಬ್ಬರ ಮೇಲೆ ಸುರಿಯದೆ ತೆಗೆದುಕೊಂಡು ಹೋಗಿ ಯಾರ ಮುಂದೋ ಇಟ್ಟಿದ್ದಾಳೆ. ಹಾಗೆ ಇಡಬಹುದಾ?

"ಇವತ್ತೇ ಆಗಲ್ಲ," ಎಂದಳು ಕೊನೆಗೆ. "ಸುಳ್ಳು ಹೇಳಲ್ಲ. ಪ್ರಯತ್ನ ಮಾಡ್ತೀನಿ... ಒಂದು ಕೇಳ್ಲಾ? ನಂಗೆ ಪ್ರಾರ್ಥನೆ ಬರಲ್ಲ. ಹಿಂದಿನ ಮೆಟ್ಟಿಲ ಹತ್ರ ಹೋಗಿ ಅವನ ಜೊತೆ ಜಗಳ ಆಡ್ತೀನಿ. ಪಾಪ ಬರುತ್ತಾ?"

ಟೀಚರ್ ಕಣ್ಣೊರೆಸಿಕೊಂಡಳು. "ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

"ದಿನಾ?"

"ದಿನಾ."

"ಅಕ್ಕಾ... ಇಷ್ಟು ತಪ್ಪದೆ ನಾನೇ ಪ್ರಾರ್ಥನೆ ಮಾಡಲ್ಲ."

ಮುಂದಿನ ವಾರದಿಂದ ಟೀಚರ್ ತಾನೇ ಕೇಳಿಕೊಂಡು ಬೇರೆ ವಾರ್ಡಿಗೆ ಹೋದಳು.

* * *

ಮಜ್ಜೆ ಹಾಕಿದ ಮೇಲೆ ಗುಬ್ಬಿಯನ್ನು ಗಾಜಿನ ಕೋಣೆಯಲ್ಲಿಟ್ಟರು. ಸೋಂಕು ತಗುಲಬಾರದೆಂದು ಒಳಗೆ ಒಬ್ಬರಿಗೆ ಮಾತ್ರ ಅವಕಾಶ. ಅಮ್ಮ ಒಳಗೆ. ಸೊಂಟದ ಮೂಳೆಗೆ ಸೂಜಿ ಹಾಕಿಸಿಕೊಂಡ ಅಪ್ಪ ಕುಂಟುತ್ತ ಗಾಜಿನಾಚೆ. ಮಧ್ಯೆ ಮಾತಾಡಲು ಗೋಡೆಯ ಮೇಲೊಂದು ಫೋನು.

ಹನ್ನೊಂದನೆಯ ದಿನ ಬೆಳಗ್ಗೆ ಜ್ವರ ಏರಿತು. ಮಧ್ಯಾಹ್ನದ ಹೊತ್ತಿಗೆ ಗುಬ್ಬಿಯ ಕಣ್ಣು ತೇಲುತ್ತಿತ್ತು. ಡಾಕ್ಟರು ಎರಡು ಸಲ ಬಂದು ಔಷಧಿ ಬದಲಿಸಿದರು. "ಇವತ್ತು ನಾಳೆ ದಾಟಬೇಕು," ಎಂದಷ್ಟೇ ಹೇಳಿ ಹೋದರು.

"ಅಮ್ಮಾ..." ಒಣಗಿದ ತುಟಿ ಅಲುಗಿತು.

"ಏನು ಕಂದಾ?"

"ನಂಗೆ ಹೇಳೋಕೆ ಆಗ್ತಿಲ್ಲ. ನೀನೇ ಯೇಸಪ್ಪಂಗೆ ಹೇಳು."

ಅವಳು ಸುತ್ತ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರುತ್ತಿರಲಿಲ್ಲ. ಇಲ್ಲಿ ಮಗಳು ಕೇಳುತ್ತಿದ್ದಾಳೆ, ಗಾಜಿನಾಚೆ ಗಂಡ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಾನೆ. ಈಚೆಯ ಫೋನು ಇಟ್ಟಿರಲೇ ಇಲ್ಲ, ತಂತಿಯಲ್ಲಿ ನೇತಾಡುತ್ತಿತ್ತು.

ಅವಳು ಕಣ್ಣು ಮುಚ್ಚಿದಳು.

"ಯೇಸಪ್ಪಾ... ನಾನು. ಮೆಟ್ಟಿಲ ಹತ್ರ ಬೈತಿದ್ದವಳು. ಇವತ್ತು ಬೈಯೋಕೆ ಶಕ್ತಿ ಇಲ್ಲ. ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ಇವಳು ನನ್ನೊಬ್ಬಳ ಮಗಳು ಅಂದ್ಕೊಂಡಿದ್ದೆ. ಗಂಡನೂ ನನ್ನೊಬ್ಬಳಿಗೇ ಬೇಕು ಅಂತ ಬಿಗಿಯಾಗಿ ಹಿಡ್ಕೊಂಡೆ, ಉಸಿರು ಕಟ್ಟೋ ಹಾಗೆ ಹಿಡ್ಕೊಂಡೆ. ನಂಗೆ ಹಿಡಿಯೋದು ಬಿಟ್ರೆ ಬೇರೆ ಪ್ರೀತಿ ಗೊತ್ತಿಲ್ಲ. ನೀನೇ ಕಲಿಸು. ಇವಳ ಕೈ ನೀನು ಬಿಡಬೇಡ. ನಾನು ಇನ್ನು ನಿನ್ನ ಜೊತೆ ಪಾಲಿಗೆ ನಿಲ್ಲಲ್ಲ. ಇವಳನ್ನ ಉಳಿಸ್ಕೊಡು. ಬೇಡಿಕೋತೀನಿ, ಉಳಿಸ್ಕೊಡು... ಆದರೆ ಏನೇ ಆದ್ರೂ ನನ್ನ ಹತ್ರಾನೇ ಇರು. ಹೊರಟುಹೋಗಬೇಡ. ನಾನು ಬೈದ್ರೂ ಹೋಗಬೇಡ."

ಯಂತ್ರ ತನ್ನ ಪಾಡಿಗೆ ತಾನು ಟಿಕ್ ಟಿಕ್ ಅನ್ನುತ್ತಿತ್ತು. ಜ್ವರ ಇಳಿಯಲಿಲ್ಲ, ಬೆಳಕೇನೂ ಬೀಳಲಿಲ್ಲ. ಆದರೂ ವರ್ಷಗಳಿಂದ ಬಿಗಿದುಕೊಂಡಿದ್ದ ಏನೋ ಒಂದು ಅವಳ ಎದೆಯೊಳಗೆ ಸಡಿಲವಾಯಿತು. ಹೆದರಿಕೆ ಹಾಗೇ ಇತ್ತು. ಒಂಟಿತನ ಇರಲಿಲ್ಲ.

"ಆಮೆನ್ ಅನ್ನಬೇಕಮ್ಮ," ಎಂದಳು ಗುಬ್ಬಿ ಕಣ್ಣು ಮುಚ್ಚಿಕೊಂಡೇ.

"ಆಮೆನ್."

"ಉದ್ದ ಆಯ್ತು. ಪರವಾಗಿಲ್ಲ."

ನೇತಾಡುತ್ತಿದ್ದ ಫೋನಿನಿಂದ ಬಿಕ್ಕುವ ಸದ್ದು. ಅವಳು ಎತ್ತಿಕೊಂಡು ಗಾಜಿನ ಹತ್ತಿರ ಹೋದಳು. ಅವನು ಮನೆ ಬಿಟ್ಟ ದಿನದಿಂದ ಅವನನ್ನು 'ರೀ' ಅಂತ ಕರೆದಿರಲೇ ಇಲ್ಲ.

"ರೀ... ಅಳಬೇಡಿ. ನಿಂತು ನಿಂತು ಸೊಂಟ ನೋಯುತ್ತೆ. ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದು ಹಾಗೇ ನಿಂತ.

ಜ್ವರ ಇಳಿಯಲು ನಾಲ್ಕು ದಿನ ಹಿಡಿಯಿತು. ಇಪ್ಪತ್ತನೆಯ ದಿನ ಡಾಕ್ಟರು ಒಂದು ಕಾಗದ ಹಿಡಿದುಕೊಂಡು ಬಂದು, ಅಪ್ಪನ ಮಜ್ಜೆ ಮಗಳ ಮೂಳೆಯಲ್ಲಿ ಬೇರು ಬಿಟ್ಟಿದೆ ಅಂದರು. ಇನ್ನೂ ಬಹಳ ದಿನ ಎಚ್ಚರ ಬೇಕು, ಪರೀಕ್ಷೆಗಳು ಇದ್ದೇ ಇವೆ ಅಂದರು. ಗುಬ್ಬಿ ಮಾತ್ರ, "ಹಾಗಾದ್ರೆ ನಾನೂ ಇನ್ನು ಕಡಿಮೆ ಮಾತಾಡ್ತೀನಾ?" ಅಂತ ಕೇಳಿ ಡಾಕ್ಟರನ್ನೇ ನಗಿಸಿದಳು.

* * *

ನಾಳೆ ಮಗಳನ್ನು ಮನೆಗೆ ಕಳಿಸುತ್ತೇವೆ ಅಂತ ಹೇಳಿದ ದಿನ, ಅತ್ತೆಯನ್ನು ಗುಬ್ಬಿಯ ಹತ್ತಿರ ಕೂರಿಸಿ ಅವಳು ಗಂಡ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದಳು. ಲಿಫ್ಟ್ ಕೆಟ್ಟಿತ್ತು. ಕೆಟ್ಟಿದ್ದರಿಂದಲೇ ಅಲ್ಲವೇ ಅವನು ಅಲ್ಲಿದ್ದದ್ದು! ಆರು ಮಹಡಿ ಹತ್ತಿ ಏದುಸಿರು ಬಿಡುತ್ತ ಮೇಲಿನ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಳು.

ಅವನು ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಓಡಿ ಬಂದ. "ಗುಬ್ಬಿಗೆ ಏನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದಾಳೆ. ನಾನು... ನಿಮ್ಮ ಹತ್ರ ಮಾತಾಡೋಕೆ ಬಂದೆ."

ಅವನು ಗ್ರೀಸ್ ಒರೆಸುವ ಬಟ್ಟೆ ಹಾಸಿ ಒಂದು ಪೆಟ್ಟಿಗೆಯ ಮೇಲೆ ಕೂರಿಸಿದ.

"ಅವತ್ತು ನಾನು ನಿಮ್ಮನ್ನ ಮನೆಯಿಂದ ಕಳಿಸಿದ್ದು ತಪ್ಪು," ಎಂದಳು ಅವಳು ಒಂದೇ ಉಸಿರಿಗೆ. "ನಿಮ್ಮ ಮೇಲೆ ಹೊರಿಸಿದ್ದೆಲ್ಲ ನನ್ನ ಹೆದರಿಕೆ. ಇವರು ನನ್ನ ಬಿಟ್ಟುಹೋಗ್ತಾರೆ ಅನ್ನೋ ಹೆದರಿಕೆ. ಕೊನೆಗೆ ನಾನೇ ಕಳಿಸಿಬಿಟ್ಟೆ. ಕ್ಷಮಿಸಿ."

ಅವನು ಬೆರಳಿನ ಮಸಿಯನ್ನೇ ನೋಡುತ್ತ ಕುಳಿತ. ಮೊದಲಾಗಿದ್ದರೆ ಅವಳು ಆ ಮೌನದೊಳಗೆ ಹತ್ತು ಮಾತು ತುಂಬುತ್ತಿದ್ದಳು. ಈ ಸಲ ಕಾದಳು.

"ನಂದೂ ತಪ್ಪಿದೆ," ಎಂದ ಅವನು ನಿಧಾನವಾಗಿ. "ನೀನು ಕೂಗಿದಾಗ ಸುಮ್ಮನಿದ್ರೆ ನಾನು ಒಳ್ಳೆಯವನು, ನೀನು ಕೆಟ್ಟವಳು ಅನ್ನೋ ಹಾಗೆ ಕಾಣ್ತಿತ್ತು. ನಂಗೆ ಅದು ಹಿತವಾಗಿತ್ತು ಕಣೇ. ಅದು ಒಳ್ಳೇತನ ಅಲ್ಲ. ಒಂದು ಮಾತು, ನಿನ್ನ ಬಿಟ್ಟು ಯಾರೂ ಇಲ್ಲ ಅಂತ ಒಂದೇ ಮಾತು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ದೇವರಿಗೆ ದಿನಾ ಹೇಳಿದೆ. ನಿಂಗೆ ಹೇಳಲಿಲ್ಲ."

"ಈಗ ಹೇಳಿ."

"ನಿನ್ನ ಬಿಟ್ಟು ಯಾರೂ ಇಲ್ಲ. ಇರಲೂ ಇಲ್ಲ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಮಸಿ ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕೈಯಿಂದಲೇ ಅವಳ ಭುಜ ತಟ್ಟಿದ. ಅದಕ್ಕೆ ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು.

"ಭಾನುವಾರ ನಾನೂ ನಿಮ್ಮ ಜೊತೆ ಚರ್ಚಿಗೆ ಬರ್ತೀನಿ," ಎಂದಳು. "ಕೊನೇ ಸಾಲಲ್ಲಿ ಕೂರ್ತೀನಿ. ನೀವು ಹಾಡುವಾಗ ಯಾರಾದ್ರೂ ನಿಮ್ಮನ್ನೇ ನೋಡಿದ್ರೆ ನಂಗೆ ಉರಿಯುತ್ತೆ, ಅದು ಅಷ್ಟು ಬೇಗ ಹೋಗಲ್ಲ. ಮುಂಚೆನೇ ಹೇಳ್ತಿದೀನಿ."

"ನನ್ನ ಹಾಡು ಕೇಳಿದ ಮೇಲೆ ಯಾರೂ ನೋಡಲ್ಲ. ಎದ್ದುಹೋಗ್ತಾರೆ." ಆಮೇಲೆ ಏನೋ ನೆನಪಾದವನಂತೆ ಕೇಳಿದ, "ಅಲ್ಲಾ, ಆ ಟೀಚರ್ ಇದ್ದಕ್ಕಿದ್ದ ಹಾಗೆ ಬೇರೆ ವಾರ್ಡಿಗೆ ಯಾಕೆ ಹೋದ್ರು? ನಿಂಗೇನಾದ್ರೂ ಗೊತ್ತಾ? ನಿನ್ನೆ ನೀವಿಬ್ಬರೂ ಕಾರಿಡಾರಲ್ಲಿ ಕೂತು ಮಾತಾಡ್ತಿದ್ರಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಅದು ನಮ್ಮಿಬ್ಬರ ಮಾತು. ಹೇಳಲ್ಲ."

"ನಂಗೂ ಹೇಳಲ್ವಾ?"

"ನಿಮಗೂ ಹೇಳಲ್ಲ."

ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಮೆಲ್ಲಗೆ ಅಂದ, "ಯಾಕೋ ಇಲ್ಲಿ, ಎದೆ ಹತ್ರ ಒಂಥರಾ ಚುರುಕ್ ಅಂತಿದೆ."

"ಅದಕ್ಕೇ ಹೊಟ್ಟೆಕಿಚ್ಚು ಅನ್ನೋದು ರೀ."

"ಹೀಗಿರುತ್ತಾ? ಇಷ್ಟು ವರ್ಷ ಇದನ್ನ ಇಟ್ಕೊಂಡಿದ್ಯಾ ನೀನು?"

"ಇಟ್ಕೊಂಡಿದ್ದೆ."

"ಪಾಪ ಕಣೇ..." ಈ ಸಲ ಅವನು ಮಸಿಯನ್ನು ಲೆಕ್ಕಿಸಲಿಲ್ಲ. ಅವಳ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದ. "ನಾಳೆ ಗುಬ್ಬಿ ಜೊತೆ ನಾನೂ ಬರ್ಲಾ ಮನೆಗೆ?"

"ಅದನ್ನ ಕೇಳ್ತಾರಾ?"

"ಕೇಳ್ತಾರೆ. ಬಾಯಿ ಬಿಟ್ಟು ಕೇಳೋದನ್ನ ಈಗ ತಾನೇ ಕಲಿತಿದೀನಿ."

"ಹಾಗಾದ್ರೆ ನಾನೂ ಬಾಯಿ ಬಿಟ್ಟೇ ಹೇಳ್ತೀನಿ," ಎಂದಳು ಅವಳು, ಅವನ ಅಂಗೈಗೆ ಕೆನ್ನೆ ಒತ್ತಿ. "ಬನ್ನಿ."